ಮುಟ್ಟಿದ ಕೈ, ಮುಟ್ಟದ ಕೈ

ಗೋವಿನ ಹಾಡನ್ನು ನಾವು ಸತ್ಯದ ಕಥೆಯೆಂದೇ ಓದುತ್ತ ಬಂದಿದ್ದೇವೆ. ಕೊಟ್ಟ ಮಾತಿಗೆ ತಪ್ಪದ ಹಸು, ನಾಚಿ ಪ್ರಾಣ ಬಿಟ್ಟ ಹುಲಿ, ಇವೆರಡೇ ನೆನಪಿನಲ್ಲಿ ಉಳಿಯುತ್ತವೆ. ಇವೆರಡರ ನಡುವೆ ಒಂದು ಪುಟ್ಟ ಸಂದರ್ಭವಿದೆ. ಹುಲಿಯ ಬಳಿಗೆ ಮರಳುವ ಮುನ್ನ ಪುಣ್ಯಕೋಟಿ ತನ್ನ ಕರುವನ್ನು ದೊಡ್ಡಿಯ ಉಳಿದ ಹಸುಗಳಿಗೆ ಒಪ್ಪಿಸುತ್ತಾಳೆ. ಅವಳು ಅವುಗಳ ಮುಂದಿಡುವ ಕೋರಿಕೆಗಳು ಮುಖ್ಯವಾಗಿ ಮೂರು. ಎದುರಿಗೆ ಬಂತೆಂದು ಕೊಂಬು ತಾಗಿಸಬಾರದು, ಹಿಂದೆ ಸುಳಿಯಿತೆಂದು ಕಾಲು ಎತ್ತಬಾರದು, ಈ ತಬ್ಬಲಿಯನ್ನು ತಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದೆಂದೇ ನೋಡಿಕೊಳ್ಳಬೇಕು.

ಮೊದಲಿನ ಎರಡು ಕೋರಿಕೆಗಳು ಮಾಡಬಾರದ್ದನ್ನು ಹೇಳುತ್ತವೆ. ಮೂರನೆಯದು ಮಾಡಬೇಕಾದ್ದನ್ನು ಹೇಳುತ್ತದೆ. ಇಂದಿನ ಮಾತಿನಲ್ಲಿ ಮೊದಲಿನೆರಡು ದೌರ್ಜನ್ಯಕ್ಕೆ ಸಂಬಂಧಿಸಿದವು, ಮೂರನೆಯದು ನಿರ್ಲಕ್ಷ್ಯಕ್ಕೆ ಸಂಬಂಧಿಸಿದ್ದು. ಮಕ್ಕಳನ್ನು ಕುರಿತ ನಮ್ಮ ದೇಶದ ಕಾನೂನುಗಳನ್ನು ಒಂದು ಪಠ್ಯವಾಗಿ ಓದಿದರೆ ಈ ಮೂರೂ ಕೋರಿಕೆಗಳು ಅಲ್ಲಿ ಕಾಣಿಸುತ್ತವೆ. ಆದರೆ ಮೂರಕ್ಕೂ ಒಂದೇ ಬಗೆಯ ಭಾಷೆ ಸಿಕ್ಕಿಲ್ಲ. ಮಗುವಿನ ಮೇಲೆ ಬಿದ್ದ ಕೈಯನ್ನು ಗುರುತಿಸಲು ಕಾನೂನು ಚೆನ್ನಾಗಿಯೇ ಕಲಿತಿದೆ. ಚಾಚಬೇಕಿದ್ದೂ ಚಾಚದೇ ಉಳಿದ ಕೈಯ ವಿಷಯಕ್ಕೆ ಬಂದಾಗ ಅದರ ವಾಕ್ಯಗಳು ತಡವರಿಸುತ್ತವೆ. ಸಾಹಿತ್ಯದ ಓದುಗರು ಈ ತಡವರಿಕೆಯನ್ನು ಗಮನಿಸಬೇಕು ಎಂಬುದು ಈ ಬರಹದ ವಾದ.

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ, ಅಂದರೆ ನಾವೆಲ್ಲ ಪೋಕ್ಸೊ ಎಂದು ಕರೆಯುವ ಕಾಯ್ದೆ, ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. ಅದಕ್ಕೂ ಐದು ವರ್ಷ ಮೊದಲು, 2007ರಲ್ಲಿ, ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಅಧ್ಯಯನವೊಂದನ್ನು ಪ್ರಕಟಿಸಿತ್ತು. ಮಾತಾಡಿಸಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಶೇಕಡ 53ರಷ್ಟು, ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದಾಗಿ ಹೇಳಿದ್ದರು. ಆ ಅಧ್ಯಯನದಲ್ಲಿ ಗಂಡುಮಕ್ಕಳೂ ದೊಡ್ಡ ಸಂಖ್ಯೆಯಲ್ಲಿದ್ದರು. ಆವರೆಗಿನ ದಂಡಸಂಹಿತೆಯಲ್ಲಿ ಅತ್ಯಾಚಾರಕ್ಕೆ ಒಳಗಾಗುವವಳು ಹೆಣ್ಣು ಮಾತ್ರ. ಪೋಕ್ಸೊ ಹದಿನೆಂಟು ತುಂಬದ ಯಾರನ್ನಾದರೂ ಮಗು ಎಂದಿತು. ಗಂಡುಮಗುವೂ ಆ ಪದದೊಳಗೆ ಬಂತು.

ಈ ಕಾಯ್ದೆಯ 5ನೆಯ ಕಲಂ ಒಂದು ಪಟ್ಟಿ. ಅಪರಾಧವನ್ನು ಹೆಚ್ಚು ಗಂಭೀರವೆಂದು ಪರಿಗಣಿಸಬೇಕಾದ ಸಂದರ್ಭಗಳನ್ನು ಅದು ಎಣಿಸುತ್ತದೆ. ಆ ಪಟ್ಟಿಯಲ್ಲಿ ಬರುವವರನ್ನು ನೋಡಿ: ಪೊಲೀಸ್ ಅಧಿಕಾರಿ, ಸೈನ್ಯದವರು, ಸರ್ಕಾರಿ ನೌಕರ, ಆಸ್ಪತ್ರೆಯವರು, ವಿದ್ಯಾಸಂಸ್ಥೆ ಮತ್ತು ಧಾರ್ಮಿಕ ಸಂಸ್ಥೆಗಳವರು, ಮಕ್ಕಳ ಪಾಲನಾ ಸಂಸ್ಥೆಗಳವರು, ರಕ್ತದಿಂದಲೋ ಮದುವೆಯಿಂದಲೋ ದತ್ತಕದಿಂದಲೋ ಬಂಧುವಾದವರು, ಒಂದೇ ಮನೆಯಲ್ಲಿ ಬಾಳುವವರು. ನಮ್ಮ ಮನೆಗಳಲ್ಲಿ ಮಕ್ಕಳಿಗೆ 'ಇವರಿಗೆ ನಮಸ್ಕಾರ ಮಾಡು, ಇವರ ಮಾತು ಕೇಳು' ಎಂದು ಯಾರನ್ನು ತೋರಿಸುತ್ತೇವೆಯೋ ಹೆಚ್ಚುಕಡಿಮೆ ಅವರೇ ಇಲ್ಲಿದ್ದಾರೆ. ಕಾದಂಬರಿಕಾರನೊಬ್ಬ ಹೀಗೆ ಬರೆದಿದ್ದರೆ ಸಮಾಜದ ಬಗ್ಗೆ ಅಪನಂಬಿಕೆ ಹುಟ್ಟಿಸುತ್ತಿದ್ದಾನೆ ಎನ್ನುತ್ತಿದ್ದೆವು. ಸಂಸತ್ತು ಅದನ್ನೇ ಸಮಚಿತ್ತದಿಂದ, ಒಂದರ ಕೆಳಗೊಂದು ಬರೆದಿದೆ. ಅಪಾಯ ಊರ ಹೊರಗಿನ ಕತ್ತಲಲ್ಲಿ ಮಾತ್ರ ಇರುತ್ತದೆಂಬ ನಮ್ಮ ಹಳೆಯ ನಂಬಿಕೆಯನ್ನು ಈ ಪಟ್ಟಿ ಒಪ್ಪುವುದಿಲ್ಲ.

ಒಂದು ಪದದ ಅರ್ಥ ಎಷ್ಟು ದೊಡ್ಡದೆಂಬುದು 2021ರಲ್ಲಿ ಎಲ್ಲರಿಗೂ ತಿಳಿಯಿತು. ಕಾಯ್ದೆಯ 7ನೆಯ ಕಲಂ ಲೈಂಗಿಕ ಉದ್ದೇಶದಿಂದ ಮುಟ್ಟುವುದನ್ನೂ ದೈಹಿಕ ಸಂಪರ್ಕವಿರುವ ಬೇರೆ ಕೃತ್ಯಗಳನ್ನೂ ಅಪರಾಧವೆನ್ನುತ್ತದೆ. ಆ ವರ್ಷದ ಜನವರಿಯಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಒಂದು ಪ್ರಕರಣದಲ್ಲಿ, ಬಟ್ಟೆಯ ಮೇಲಿನಿಂದ ಮುಟ್ಟಿದ್ದು ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ, ಚರ್ಮಕ್ಕೆ ಚರ್ಮ ತಾಗಬೇಕು ಎಂದು ಅರ್ಥೈಸಿತು. ಕಾಯ್ದೆಯಲ್ಲಿ 'ಚರ್ಮ' ಎಂಬ ಪದವೇ ಇರಲಿಲ್ಲ. ಹಾಗಾದರೆ ಕೈಗವಸು ಹಾಕಿಕೊಂಡವನು ಪಾರಾಗಿಬಿಡಬಹುದಲ್ಲ ಎಂದು ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿತು. ನೋಡಬೇಕಾದದ್ದು ಉದ್ದೇಶವನ್ನು, ಕಾಯ್ದೆಯ ಗುರಿಯನ್ನೇ ಸೋಲಿಸುವಂತೆ ಪದವನ್ನು ಕುಗ್ಗಿಸಬಾರದು ಎಂದಿತು. ವಿಮರ್ಶೆಯ ತರಗತಿಯಲ್ಲಿ ಅಕ್ಷರಾರ್ಥ, ಭಾವಾರ್ಥ ಎಂದು ನಾವು ಚರ್ಚಿಸುವ ಸಂಗತಿಯೇ ಇದು. ವ್ಯತ್ಯಾಸವೆಂದರೆ, ಇಲ್ಲಿ ತಪ್ಪು ಓದಿನ ಬೆಲೆಯನ್ನು ತೆರಬೇಕಾಗಿದ್ದವಳು ಹನ್ನೆರಡು ವರ್ಷದ ಹುಡುಗಿ.

ಪೋಕ್ಸೊ ಕಾಯ್ದೆಯ ಶಿಕ್ಷೆಗಳಿಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮಗುವಿನ ಮಾತಿಗೆ ಅದು ಮಾಡಿಕೊಟ್ಟಿರುವ ಜಾಗ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಹೇಳಿಕೆ ಪಡೆಯುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ತಂದೆತಾಯಿ ಅಥವಾ ಮಗು ನಂಬುವ ಇನ್ನೊಬ್ಬರು ಜೊತೆಗಿರಬೇಕು. ಬೇಕಿದ್ದರೆ ಭಾಷಾಂತರಕಾರರ ನೆರವು ಪಡೆಯಬಹುದು. ನ್ಯಾಯಾಲಯದಲ್ಲಿ ವಕೀಲರು ಮಗುವನ್ನು ನೇರವಾಗಿ ಕೇಳುವಂತಿಲ್ಲ. ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವನ್ನು ಕೇಳಬೇಕು. ಇವೆಲ್ಲದರ ನಡುವೆ ಒಂದು ಪುಟ್ಟ ಸೂಚನೆ ಇದೆ: ಹೇಳಿಕೆಯನ್ನು ಮಗು ಆಡಿದಂತೆಯೇ ಬರೆದುಕೊಳ್ಳಬೇಕು.

ಈ ಸೂಚನೆಯನ್ನು ಓದಿದಾಗ ನನಗೆ ನೆನಪಾಗುವವನು 'ಘಟಶ್ರಾದ್ಧ'ದ ನಾಣಿ. ಅನಂತಮೂರ್ತಿಯವರ ಕಥೆಯಲ್ಲೂ, ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಚಿತ್ರದಲ್ಲೂ, ವೇದ ಕಲಿಯಲು ಮನೆ ಬಿಟ್ಟು ಬಂದ ಈ ಹುಡುಗನೇ ಎಲ್ಲವನ್ನೂ ನೋಡುವವನು. ಹಿರಿಯ ವಟುಗಳ ಕಾಟ ಅವನಿಗಿದೆ. ವಿಧವೆ ಯಮುನೆಗೆ ಅಗ್ರಹಾರ ಏನು ಮಾಡಿತೆಂಬುದಕ್ಕೂ ಅವನೇ ಸಾಕ್ಷಿ. ಅವನನ್ನು ಪ್ರಶ್ನಿಸುವವರು ಇಲ್ಲವೆಂದಲ್ಲ. ಆದರೆ ಕೇಳುವವರಿಗೆ ಬೇಕಿರುವುದು ಯಮುನೆಯ ಗುಟ್ಟು. ಹುಡುಗನ ಭಯ ಯಾರಿಗೂ ಬೇಕಿಲ್ಲ. ಕೊನೆಗೆ ಅಪ್ಪ ಬಂದು ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ನಮ್ಮ ಸಾಹಿತ್ಯದಲ್ಲಿ ಮಗು ನೋಡುವ ಕಣ್ಣಾಗಿ ಬಹಳ ಸಲ ಬಂದಿದೆ. ಆ ಮಗುವಿಗೇ ಏನಾಯಿತೆಂದು ಕೇಳಿ, ಅದು ಹೇಳಿದಂತೆಯೇ ಬರೆದುಕೊಂಡದ್ದು ಕಡಿಮೆ. ಈ ಒಂದು ವಿಷಯದಲ್ಲಿ ಕಾನೂನು ನಮ್ಮ ಕಥೆಗಾರರಿಗಿಂತ ಒಂದು ಹೆಜ್ಜೆ ಮುಂದಿದೆ ಎಂದು ಒಪ್ಪಿಕೊಳ್ಳಬೇಕು.

ಒಪ್ಪಿಕೊಂಡ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಆಡಿದಂತೆಯೇ ಬರೆದುಕೊಳ್ಳಬೇಕಾದರೆ ಮಗುವಿಗೆ ಆಡಲು ಮಾತು ಇರಬೇಕು. ಮೂಗು, ಬಾಯಿ, ಹೊಟ್ಟೆ ಎಂದು ಎಣಿಸಿ ಕಲಿಸುವ ನಮ್ಮ ಮನೆಗಳು ದೇಹದ ಕೆಲವು ಜಾಗಗಳಿಗೆ ಬಂದಾಗ ಸುಮ್ಮನಾಗುತ್ತವೆ, ಇಲ್ಲವೇ 'ಛೀ' ಎನ್ನುತ್ತವೆ. ಮಗುವಿಗೆ ಸಿಗುವ ಪದ ಒಂದೋ ಬೈಗುಳ, ಒಂದೋ ಪಠ್ಯಪುಸ್ತಕದ ಸಂಸ್ಕೃತ. ಬೈಗುಳವನ್ನು ಅದು ದೊಡ್ಡವರೆದುರು ಆಡಲಾರದು, ಸಂಸ್ಕೃತ ಅದಕ್ಕೆ ಗೊತ್ತಿಲ್ಲ. ಕಾಯ್ದೆ ಕಿವಿ ತೆರೆದು ಕೂತಿರುವಾಗ ಭಾಷೆ ಕೈಕೊಡುತ್ತದೆ. ಇದನ್ನು ಸಂಸತ್ತು ಸರಿಪಡಿಸಲಾರದು. ಇದು ಕನ್ನಡ ಮಾತಾಡುವವರ, ಮಕ್ಕಳಿಗೆ ಬರೆಯುವವರ ಕೆಲಸ.

ಕಾಯ್ದೆಯ ಭಾಷೆಯಲ್ಲೇ ಇರುವ ಇನ್ನೊಂದು ಸಡಿಲವನ್ನೂ ಹೇಳಬೇಕು. ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು, ಆದರೆ 'ಸಾಧ್ಯವಾದ ಮಟ್ಟಿಗೆ'. ಹೇಳಿಕೆಯನ್ನು ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಯವರು ಪಡೆಯಬೇಕು, ಅದೂ 'ಸಾಧ್ಯವಾದ ಮಟ್ಟಿಗೆ'. ಶಿಕ್ಷೆಯ ಕಲಮುಗಳಲ್ಲಿ ಇಂಥ ಮಾತಿಲ್ಲ. ಅವು ಖಚಿತವಾಗಿವೆ, 2019ರ ತಿದ್ದುಪಡಿಯ ನಂತರ ಗಲ್ಲುಶಿಕ್ಷೆಯವರೆಗೂ ಹೋಗಿವೆ. ಅಪರಾಧಿ ಬಹಳ ಸಲ ಮನೆಯವನೋ ನೆರೆಯವನೋ ಆಗಿರುವಾಗ, ಶಿಕ್ಷೆ ದೊಡ್ಡದಾದಷ್ಟೂ ಮನೆಯವರ ಬಾಯಿ ಬಿಗಿಯುವ ಸಾಧ್ಯತೆಯೂ ಇದೆ. 'ನಿನ್ನ ಮಾತಿಗೆ ಮಾವ ನೇಣಿಗೆ ಹೋಗ್ತಾನೆ' ಎನ್ನುವ ಒಂದು ಮಾತು ಸಾಕು, ಮಗು ತಾನೇ ತಪ್ಪಿತಸ್ಥ ಎಂದುಕೊಳ್ಳಲು.

ಮುಟ್ಟುವಿಕೆಯ ಬಗ್ಗೆ ಇಷ್ಟು ಖಚಿತವಾದ ಕಾಯ್ದೆ ಕೆಲವೊಮ್ಮೆ ತನ್ನ ಖಚಿತತೆಯಿಂದಲೇ ಎಡವುತ್ತದೆ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ ಪ್ರೀತಿಸಿ ಊರು ಬಿಟ್ಟರೆ, ಹುಡುಗಿಯ ಮನೆಯವರ ದೂರಿನ ಮೇಲೆ ಇದೇ ಪೋಕ್ಸೊ ಅನ್ವಯವಾಗುತ್ತದೆ. ಜಾತಿ ಬೇರೆಯಾಗಿದ್ದರೆ ದೂರಿನ ಹಿಂದಿನ ಸಿಟ್ಟು ಬೇರೆಯದೇ ಇರಬಹುದು. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ ಇಂಥ ಪ್ರಕರಣವೊಂದರ ಸಂದರ್ಭದಲ್ಲಿ, ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮರುಯೋಚಿಸಬೇಕೆಂದು ಹೇಳಿತು. 2023ರ ತನ್ನ 283ನೆಯ ವರದಿಯಲ್ಲಿ ಆಯೋಗ ವಯಸ್ಸನ್ನು ಇಳಿಸುವುದು ಬೇಡವೆಂದಿತು, ಶಿಕ್ಷೆ ವಿಧಿಸುವಾಗ ನ್ಯಾಯಾಲಯಕ್ಕೆ ವಿವೇಚನೆ ಇರಲಿ ಎಂದಿತು. ಮಗುವನ್ನು ಕಾಯುವ ಬೇಲಿ ಎಲ್ಲಿ ಮುಗಿದು, ಹರೆಯದವರನ್ನು ಕಟ್ಟಿಹಾಕುವ ಬೇಲಿ ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಇನ್ನೂ ತೀರ್ಮಾನವಾಗಿಲ್ಲ.

ಇನ್ನು ಹೊಡೆತದ ಮಾತು. ಶಾಲೆಯಲ್ಲಿ ಮಕ್ಕಳಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಪಾಲನಾ ಸಂಸ್ಥೆಗಳಲ್ಲಿನ ದೈಹಿಕ ದಂಡನೆಯನ್ನು 2015ರ ಬಾಲನ್ಯಾಯ ಕಾಯ್ದೆ ಅಪರಾಧವೆಂದಿದೆ. ಮನೆಯೊಳಗಿನ ಪೆಟ್ಟಿಗೆ ಮಾತ್ರ ಇಂಥ ನೇರ ನಿಷೇಧವಿಲ್ಲ. 1860ರ ದಂಡಸಂಹಿತೆಯ 89ನೆಯ ಕಲಂ, ಹನ್ನೆರಡು ತುಂಬದ ಮಗುವಿನ ಒಳಿತಿಗಾಗಿ ಪೋಷಕರು ಸದುದ್ದೇಶದಿಂದ ಮಾಡಿದ್ದಕ್ಕೆ, ಕೆಲವು ಮಿತಿಗಳೊಡನೆ, ರಕ್ಷಣೆ ಕೊಟ್ಟಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ವಾಕ್ಯವನ್ನು ಉಳಿಸಿಕೊಂಡಿದೆ. 'ನಿನ್ನ ಒಳ್ಳೇದಕ್ಕೇ ಹೊಡೆದದ್ದು' ಎಂಬ, ನಾವೆಲ್ಲ ಕೇಳಿ ಬೆಳೆದ ಮಾತಿಗೆ ಕಾನೂನಿನ ಅನುವಾದ ಅದು. ಪುಣ್ಯಕೋಟಿಯ ಎರಡನೆಯ ಕೋರಿಕೆ ಹೀಗೆ ಹೊಸ್ತಿಲ ಬಳಿ ನಿಂತುಬಿಡುತ್ತದೆ.

ಮೂರನೆಯ ಕೋರಿಕೆಗೆ ಬರೋಣ. ನಿರ್ಲಕ್ಷ್ಯದ ಬಗ್ಗೆ ಮಾತಾಡುವ ಮುಖ್ಯ ವಾಕ್ಯ ಬಾಲನ್ಯಾಯ ಕಾಯ್ದೆಯ 75ನೆಯ ಕಲಮಿನಲ್ಲಿದೆ. ಮಗುವಿನ ಹೊಣೆ ಯಾರ ಕೈಯಲ್ಲಿದೆಯೋ ಅವರು ಮಗುವನ್ನು ಹೊಡೆದರೆ, ತೊರೆದರೆ, ಹಿಂಸಿಸಿದರೆ ಅಥವಾ ಬೇಕೆಂದೇ ನಿರ್ಲಕ್ಷಿಸಿದರೆ, ಮತ್ತು ಅದರಿಂದ ಮಗುವಿಗೆ ಅನಗತ್ಯ ಯಾತನೆಯಾಗುವಂತಿದ್ದರೆ, ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ. 'ಅನಗತ್ಯ ಯಾತನೆ' ಎಂಬ ಮಾತನ್ನು ಓದುಗರು ಗಮನಿಸಬೇಕು. ಮಗುವಿಗೆ ಅಗತ್ಯವಾದ ಯಾತನೆಯೂ ಒಂದಿದೆ ಎಂದು ಅದು ಒಪ್ಪಿಕೊಂಡಂತಿದೆ. ಅದಕ್ಕಿಂತ ಮುಖ್ಯವಾದದ್ದು ಈ ವಾಕ್ಯದ ಕರ್ತೃ. 'ಮಗುವಿನ ಹೊಣೆ ಹೊತ್ತವರು' ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಪೋಷಕರು. ನಿರ್ಲಕ್ಷ್ಯ ಎಂಬ ಕ್ರಿಯೆಗೆ ಕಾನೂನಿಗೆ ಸಿಗುವ ಕರ್ತೃ ಇವರು ಮಾತ್ರ.

ಈ ವಾಕ್ಯವನ್ನು 'ಚೋಮನ ದುಡಿ'ಯ ಪಕ್ಕದಲ್ಲಿಟ್ಟು ನೋಡಬೇಕು. 1933ರ ಕಾರಂತರ ಈ ಕಾದಂಬರಿಯಲ್ಲಿ ಚೋಮನ ಮಕ್ಕಳು ಒಬ್ಬೊಬ್ಬರಾಗಿ ಕಳೆದುಹೋಗುತ್ತಾರೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ದುಡಿಯಲು ಹೋಗಬೇಕು. ಚನಿಯ ಕಾಯಿಲೆಗೆ ಸಾಯುತ್ತಾನೆ. ತೋಟಕ್ಕೆ ಹೋದ ಬೆಳ್ಳಿಯ ದೇಹವನ್ನು ಸಾಲದ ಲೆಕ್ಕಕ್ಕೆ ಹಿಡಿಯಲಾಗುತ್ತದೆ. ನೀಲ ನೀರಿಗೆ ಬಿದ್ದು ಮುಳುಗುವಾಗ ನೋಡುವ ಜನರಿದ್ದಾರೆ, ಆದರೆ ಮುಟ್ಟಬಾರದ ಜಾತಿಯ ಹುಡುಗನೆಂದು ಯಾರೂ ಎತ್ತುವುದಿಲ್ಲ. ಚೋಮ ಕುಡಿಯುತ್ತಾನೆ, ಸಿಟ್ಟಾಗುತ್ತಾನೆ, ದುಡಿ ಬಾರಿಸುತ್ತಾನೆ. ಇಂದಿನ ಅಧಿಕಾರಿಯೊಬ್ಬರು ಆ ಗುಡಿಸಲಿಗೆ ಬಂದರೆ ಅವರ ಕಡತದಲ್ಲಿ ಏನಿರುತ್ತದೆ? ಕುಡುಕ ತಂದೆ, ಶಾಲೆಗೆ ಹೋಗದ ಮಕ್ಕಳು, ದುಡಿಮೆ. ಬೆಳ್ಳಿಗೆ ಆದದ್ದಕ್ಕೆ ಇಂದಿನ ಕಾನೂನಿನಲ್ಲಿ ಹೆಸರಿದೆ, ಅಪರಾಧಿಯೂ ಇದ್ದಾನೆ. ನೀಲನ ಸಾವಿಗೆ ಅಪರಾಧಿ ಯಾರು? ಅಸ್ಪೃಶ್ಯತೆಯನ್ನು ಸಂವಿಧಾನ ನಿಷೇಧಿಸಿದೆ, ಜಾತಿ ದೌರ್ಜನ್ಯಕ್ಕೆ ಬೇರೆಯೇ ಕಾಯ್ದೆ ಇದೆ. ಆದರೆ ದಡದಲ್ಲಿ ನಿಂತ ದಾರಿಹೋಕನು ಮುಳುಗುವ ಮಗುವನ್ನು ಎತ್ತಲೇಬೇಕೆಂಬ ಸಾಮಾನ್ಯ ಕರ್ತವ್ಯವನ್ನು ನಮ್ಮ ದಂಡಸಂಹಿತೆ ಹೊರಿಸುವುದಿಲ್ಲ. ಮಗುವಿನ ಹೊಣೆ ಅವನದಲ್ಲವಾದ್ದರಿಂದ 75ನೆಯ ಕಲಂ ಕೂಡ ಅವನನ್ನು ತಲುಪುವುದಿಲ್ಲ. ಪೋಕ್ಸೊದಲ್ಲಿ ಮುಟ್ಟುವುದು ಅಪರಾಧ. ನೀಲನನ್ನು ಕೊಂದದ್ದು ಮುಟ್ಟದೇ ಇದ್ದದ್ದು. ಕಾರಂತರಿಗೆ ಅದನ್ನು ಬರೆಯಲು ಸಾಧ್ಯವಾಯಿತು. ಕಾನೂನಿಗೆ ಅದನ್ನು ಬರೆಯುವ ವ್ಯಾಕರಣ ಇನ್ನೂ ಸಿಕ್ಕಿಲ್ಲ.

ಕಾನೂನು ಇದನ್ನು ಪೂರ್ತಿ ಮರೆತಿದೆ ಎಂದು ಹೇಳುವುದು ಅನ್ಯಾಯವಾದೀತು. ಒಂಟಿಯಾಗಿ ಸಿಕ್ಕ ತಬ್ಬಲಿ ಮಗುವಿನ ಬಗ್ಗೆ ಇಪ್ಪತ್ತನಾಲ್ಕು ಗಂಟೆಯೊಳಗೆ ತಿಳಿಸುವುದು ಕಂಡವರೆಲ್ಲರ ಕರ್ತವ್ಯವೆಂದು ಅದೇ ಬಾಲನ್ಯಾಯ ಕಾಯ್ದೆ ಹೇಳುತ್ತದೆ. 75ನೆಯ ಕಲಮಿನ ಕೆಳಗೇ ಒಂದು ವಿನಾಯಿತಿಯಿದೆ: ಹೆತ್ತವರು ತಮ್ಮ ಕೈಮೀರಿದ ಸ್ಥಿತಿಯಲ್ಲಿ ಮಗುವನ್ನು ತೊರೆದಿದ್ದರೆ ಅದು ಬೇಕೆಂದೇ ಮಾಡಿದ್ದಲ್ಲವೆಂದು ಭಾವಿಸಬೇಕು, ಶಿಕ್ಷಿಸಬಾರದು. ಇಡೀ ಕಾಯ್ದೆಯಲ್ಲಿ ಚೋಮನನ್ನು ಎಲ್ಲೋ ಕಂಡವರು ಬರೆದಂತಿರುವ ವಾಕ್ಯ ಇದೊಂದೇ. 3ನೆಯ ಕಲಂ ಹೇಳುವ ತತ್ವಗಳಲ್ಲಿ, ಮಗುವನ್ನು ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿಯಾಗಬೇಕು ಎಂಬುದೂ ಸೇರಿದೆ. ಆದರೆ ಅದೇ ಕಾಯ್ದೆ 'ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗು' ಯಾರೆಂದು ಪಟ್ಟಿ ಮಾಡುವಾಗ ಮನೆಯಿಲ್ಲದ, ಜೀವನೋಪಾಯವಿಲ್ಲದ, ಬೀದಿಯಲ್ಲಿ ಬಾಳುವ, ದುಡಿಯುವ ಮಕ್ಕಳನ್ನೂ ಹಿಂಸೆಗೊಳಗಾದ ಮಕ್ಕಳನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಬಡತನಕ್ಕೂ ನಿರ್ಲಕ್ಷ್ಯಕ್ಕೂ ಇರುವ ಗೆರೆ ಇಲ್ಲಿ ಮಸುಕಾಗುತ್ತದೆ. ಅದನ್ನು ಬಿಡಿಸಿ ನೋಡುವ ಭಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರ ಮೇಲೆ ಬೀಳುತ್ತದೆ.

ಸಂವಿಧಾನದ 39ನೆಯ ವಿಧಿಯ (ಎಫ್) ಉಪವಿಧಿ, ಬಾಲ್ಯವನ್ನು ಶೋಷಣೆಯಿಂದಲೂ, ನೈತಿಕವಾಗಿ ಮತ್ತು ಭೌತಿಕವಾಗಿ ಕೈಬಿಡುವುದರಿಂದಲೂ ಕಾಪಾಡಬೇಕು ಎನ್ನುತ್ತದೆ. ಇಲ್ಲಿ ಕರ್ತೃ ಪ್ರಭುತ್ವ. ಆದರೆ ಅದು ಇರುವುದು ನಿರ್ದೇಶಕ ತತ್ವಗಳಲ್ಲಿ. ಅದನ್ನು ಹಿಡಿದು ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಬರುವುದಿಲ್ಲ. ಅಪ್ಪ ಅಮ್ಮ ಕೈಬಿಟ್ಟರೆ ದಂಡಸಂಹಿತೆ, ಪ್ರಭುತ್ವ ಕೈಬಿಟ್ಟರೆ ಆದರ್ಶದ ಪುಟ. ಹೆತ್ತವರ ಹತ್ತಿರವೇ ಮಗು ಉಳಿಯಲೆಂದು ಕೊಡುವ ಪ್ರಾಯೋಜಕತ್ವದ ನೆರವು ತಿಂಗಳಿಗೆ 4,000 ರೂಪಾಯಿ. ಅದನ್ನು ಕೊಡುವ ಯೋಜನೆಯ ಹೆಸರು ಮಿಷನ್ ವಾತ್ಸಲ್ಯ. ವಾತ್ಸಲ್ಯ ಎಂಬ ಪದದ ಬೇರು 'ವತ್ಸ', ಅಂದರೆ ಕರು. ಪುಣ್ಯಕೋಟಿಯ ಮೂರನೆಯ ಕೋರಿಕೆಗೆ ಸರ್ಕಾರದ ಕಡತದಲ್ಲಿ ಸರಿಯಾದ ಹೆಸರು ಸಿಕ್ಕಿದೆ. ಆ ಹೆಸರಿಗೆ ತಕ್ಕ ಹಣ, ತಕ್ಕಷ್ಟು ಕೈಗಳು ಸಿಗಬೇಕಾಗಿದೆ.

ಕೊನೆಯದಾಗಿ ಓದುಗರ ವಿಷಯ. ಪೋಕ್ಸೊದ 19ನೆಯ ಕಲಮಿನ ಪ್ರಕಾರ, ಇಂಥ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಪೊಲೀಸರಿಗೆ ತಿಳಿಸಲೇಬೇಕು. ತಿಳಿದೂ ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆಯಾಗಬಹುದು. ಮಕ್ಕಳಿಗೆ ಮಾತ್ರ ಈ ಶಿಕ್ಷೆಯಿಲ್ಲ. ಕಥಾ ಕಮ್ಮಟದಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬರೆದ ಕಥೆಯಲ್ಲಿ ಒಬ್ಬ ಚಿಕ್ಕಪ್ಪ ಬರುತ್ತಾನೆ ಎಂದುಕೊಳ್ಳಿ. ಅವನು ಬಂದಾಗಲೆಲ್ಲ ಕಥೆಯ ಹುಡುಗಿ ಅಟ್ಟ ಹತ್ತಿ ಕೂರುತ್ತಾಳೆ. ನಾವು ಏನು ಮಾಡುತ್ತೇವೆ? ಅಟ್ಟದ ರೂಪಕ ಚೆನ್ನಾಗಿದೆ ಎನ್ನುತ್ತೇವೆ, ಅಂತ್ಯ ಬಿಗಿಯಾಗಬೇಕಿತ್ತು ಎನ್ನುತ್ತೇವೆ. ಕಥೆಯನ್ನೆಲ್ಲ ಸಾಕ್ಷ್ಯವೆಂದು ಓದಿದರೆ ಸಾಹಿತ್ಯ ಉಳಿಯದು, ಯಾವ ಹುಡುಗಿಯೂ ಮತ್ತೆ ಬರೆಯಲಾರಳು. ಯಾವುದನ್ನೂ ಸಾಕ್ಷ್ಯವೆಂದು ಓದದಿದ್ದರೆ ಆ ಹುಡುಗಿ ಅಟ್ಟದ ಮೇಲೆಯೇ ಉಳಿಯುತ್ತಾಳೆ. ಕಾನೂನು ಇಲ್ಲಿ ಕರ್ತವ್ಯವನ್ನು ಹೇಳುತ್ತದೆಯೇ ಹೊರತು ಓದುವ ಬಗೆಯನ್ನು ಕಲಿಸುವುದಿಲ್ಲ. ಕಮ್ಮಟ ಮುಗಿದ ಮೇಲೆ ಆ ಹುಡುಗಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರುವುದು, ಅವಸರ ಮಾಡದೆ ಕೇಳಿಸಿಕೊಳ್ಳುವುದು, ಹೇಳಿದರೆ ನಂಬುವುದು, 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ತಿಳಿಸುವುದು, ಆತಂಕ ನಿಜವೆನಿಸಿದರೆ ನಾವೇ ಹೋಗಿ ತಿಳಿಸುವುದು, ಇವನ್ನೂ ವಿಮರ್ಶೆಯ ಭಾಗವೆಂದೇ ನಾನು ಎಣಿಸುತ್ತೇನೆ.

ಗೋವಿನ ಹಾಡಿನಲ್ಲಿ ಹುಲಿ ಸಾಯುತ್ತದೆ, ತಾಯಿ ಮನೆಗೆ ಬರುತ್ತಾಳೆ. ಹಾಗಾಗಿ ಆ ಉಳಿದ ಹಸುಗಳು ಕರುವನ್ನು ಹೇಗೆ ನೋಡಿಕೊಳ್ಳುತ್ತಿದ್ದವು ಎಂಬುದು ನಮಗೆ ತಿಳಿಯುವುದೇ ಇಲ್ಲ. ಹಾಡಿಗೆ ಅದರ ಅಗತ್ಯವೂ ಬೀಳಲಿಲ್ಲ. ನಮ್ಮ ಊರುಗಳಲ್ಲಿ ಎಷ್ಟೋ ತಾಯಂದಿರು ಮರಳಿ ಬರುವುದಿಲ್ಲ, ಬಂದವರ ಕೈಯಲ್ಲಿ ಏನೂ ಇರುವುದಿಲ್ಲ. ಅಲ್ಲಿ ದೊಡ್ಡಿಯ ಉಳಿದ ಹಸುಗಳ ಕಥೆಯೇ ಮುಖ್ಯ ಕಥೆ.